ಸೋವಿಯ ಬಾಡಿಗೆ ಮನೆಗಳು: ಲಾಭವೆಷ್ಟು, ಅಪಾಯವೆಷ್ಟು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಎಚ್ಚರಿಸಿದರು. ಪರರು ಕಟ್ಟಿದ ಮನೆಯನ್ನು ಕೊಂಡು, ಅದರಲ್ಲಿ ಮತ್ತೆ ಪರರನ್ನೇ ಇರಿಸಿ, ಅವರು ಕೊಡುವ ಬಾಡಿಗೆಯಿಂದ ಮುಪ್ಪಿನ ಕಾಲವನ್ನು ಕಳೆಯಬೇಕೆನ್ನುವವರಿಗೆ ಮಾತ್ರ ಅವರು ಯಾವ ಗಾದೆಯನ್ನೂ ಬಿಟ್ಟುಹೋದಂತೆ ಕಾಣುವುದಿಲ್ಲ. ಆದಕಾರಣ ಈ ವಿಷಯದಲ್ಲಿ ಗೃಹಸ್ಥನಾದವನು ಬಹುಮಟ್ಟಿಗೆ ತನ್ನ ಹಣವನ್ನು ಕಳೆದುಕೊಂಡೇ ವಿವೇಕವನ್ನು ಸಂಪಾದಿಸಬೇಕಾಗಿ ಬಂದಿದೆ.

ಕೆಲವು ದಿನಗಳ ಹಿಂದೆ ನಮ್ಮ ಪರಿಚಿತರಾದ ನಿವೃತ್ತ ಅಧಿಕಾರಿಯೊಬ್ಬರು ನಮ್ಮ ಕಾರ್ಯಾಲಯಕ್ಕೆ ದಯಮಾಡಿಸಿ, ದಳ್ಳಾಳಿಯೊಬ್ಬನು ಬರೆದುಕೊಟ್ಟ ಒಂದು ಕಾಗದವನ್ನು ಮೇಜಿನ ಮೇಲಿಟ್ಟರು. ಬೆಂಗಳೂರಿನ ಹೊರ ಅಂಚಿನಲ್ಲಿ ಇಪ್ಪತ್ತಡಿಗೆ ಮೂವತ್ತಡಿಯ ನಿವೇಶನದ ಮೇಲೆ ಮೂರು ಅಂತಸ್ತು, ಅಂತಸ್ತಿಗೆ ಎರಡರಂತೆ ಆರು ಸಣ್ಣ ಮನೆಗಳು, ಮನೆಯೊಂದಕ್ಕೆ ತಿಂಗಳಿಗೆ 6,500 ರೂಪಾಯಿ ಬಾಡಿಗೆ, ಬೆಲೆ ಅರವತ್ತು ಲಕ್ಷ. ಮೂವತ್ತೈದು ವರ್ಷ ದುಡಿದು ಉಳಿಸಿದ ಹಣ ಅವರಲ್ಲಿ ಎಪ್ಪತ್ತು ಲಕ್ಷಕ್ಕೆ ಸ್ವಲ್ಪ ಮೇಲಿದೆ. ಅದಕ್ಕಿಂತ ಬೇರೆ ಗಂಟಿಲ್ಲ. "ಬ್ಯಾಂಕಿನಲ್ಲಿಟ್ಟ ಹಣ ಮಂಜುಗಡ್ಡೆಯಂತೆ ಕರಗುತ್ತಿದೆ. ಇದಾದರೆ ಕಣ್ಣಿಗೆ ಕಾಣುವ ಆಸ್ತಿ. ತಾವೇನು ಹೇಳುತ್ತೀರಿ?" ಎಂದು ಕೇಳಿದರು. ಥಟ್ಟನೆ ಉತ್ತರ ಹೇಳುವುದು ಯುಕ್ತವಾಗಿ ತೋರಲಿಲ್ಲ. ಇದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡಿರುವ ವಾಚಕರು ಬಹುಮಂದಿ ಇರುವರೆಂದು ಬಲ್ಲೆವಾದ್ದರಿಂದ, ಅವರಿಗೆ ಹೇಳಿದ್ದನ್ನೂ ಹೇಳದೆ ಉಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇವೆ.

ವಠಾರವೆಂಬುದು ನಮ್ಮ ನಾಡಿಗೆ ಹೊಸದಲ್ಲ. ನಡುವೆ ಒಂದು ಅಂಗಳ, ಎರಡು ಪಕ್ಕಗಳಲ್ಲಿ ಸಾಲು ಬಿಡಾರ, ಎಲ್ಲರಿಗೂ ಕೂಡಿ ಒಂದು ಕೊಳಾಯಿ, ಹಿಂದೆ ಒಂದೆರಡು ಕಕ್ಕಸು, ಮುಂದಿನ ದೊಡ್ಡ ಮನೆಯಲ್ಲಿ ಯಜಮಾನರ ವಾಸ: ಇಷ್ಟಾದರೆ ವಠಾರವಾಯಿತು. 1898ರಲ್ಲಿ ಪ್ಲೇಗು ಬಂದು ಬೆಂಗಳೂರು ಪೇಟೆಯ ಇಕ್ಕಟ್ಟಾದ ಬೀದಿಗಳಿಂದ ಜನರನ್ನು ಹೊರಡಿಸಿದಾಗ, ಬಸವನಗುಡಿ, ಮಲ್ಲೇಶ್ವರಗಳಂತಹ ಬಡಾವಣೆಗಳಿಗೆ ಬಲ ಬಂತು. ಆ ಬಡಾವಣೆಗಳಲ್ಲಿಯೂ ಕಾಲಕ್ರಮದಲ್ಲಿ ವಠಾರಗಳೆದ್ದವು. ಗುಮಾಸ್ತರೂ, ಉಪಾಧ್ಯಾಯರೂ, ಊರಿನಿಂದ ಓದಲು ಬಂದ ಹುಡುಗರೂ ಅವುಗಳಲ್ಲಿ ಬಾಳಿ ಮುಂದೆ ಬಂದರು. ಇಂದಿನ ವಠಾರವು ಅಂಗಳವನ್ನು ಕಳೆದುಕೊಂಡು ಮೇಲಕ್ಕೆ ಬೆಳೆದಿದೆ. ಅದರಲ್ಲಿ ವಾಸಿಸುವವರು ಆಟೋ ನಡೆಸುವವರು, ಸಿದ್ಧ ಉಡುಪಿನ ಕಾರ್ಖಾನೆಗಳ ಹೆಣ್ಣುಮಕ್ಕಳು, ಮನೆಮನೆಗೆ ಸಾಮಾನು ತಲಪಿಸುವ ಹುಡುಗರು. ಊರು ಬೆಳೆಯುವವರೆಗೆ ಇವರ ಸಂಖ್ಯೆ ಕುಗ್ಗುವುದಿಲ್ಲ. ದೊಡ್ಡ ಮನೆಗಳು ಖಾಲಿ ಬಿದ್ದಿರುವ ಬೀದಿಯಲ್ಲಿಯೂ ಒಂದು ಕೋಣೆಯ ಮನೆ ಬಹುದಿನ ಖಾಲಿಯಿರುವುದು ಅಪರೂಪ. ಸೋವಿಯ ಮನೆಯ ಮೊದಲನೆಯ ಗುಣ ಇದೇ. ಇದನ್ನು ನಾವು ಅಲ್ಲಗಳೆಯುವುದಿಲ್ಲ.

ಎರಡನೆಯ ಗುಣವೆಂದು ದಳ್ಳಾಳಿಗಳು ಹೇಳುವುದು ಅದರ ಹುಟ್ಟುವಳಿಯನ್ನು. ಬೆಂಗಳೂರಿನಲ್ಲಿ ಒಳ್ಳೆಯ ಬಡಾವಣೆಯ ದೊಡ್ಡ ಮನೆಯೊಂದು ತನ್ನ ಬೆಲೆಯ ಮೇಲೆ ವರ್ಷಕ್ಕೆ ಸಾಮಾನ್ಯವಾಗಿ ಶೇಕಡ ಮೂರು ನಾಲ್ಕರಷ್ಟು ಬಾಡಿಗೆಯನ್ನು ತರುತ್ತದೆ. ಮೇಲೆ ಹೇಳಿದ ಕಾಗದದ ಪ್ರಕಾರ ಆರು ಮನೆಗಳ ಬಾಡಿಗೆ ತಿಂಗಳಿಗೆ 39,000, ವರ್ಷಕ್ಕೆ 4,68,000. ಅರವತ್ತು ಲಕ್ಷದ ಮೇಲೆ ಇದು ಶೇಕಡ 7.8 ಆಗುತ್ತದೆ. ಇದನ್ನು ಕಂಡು ಯಾರ ಮನಸ್ಸು ತಾನೆ ಕರಗದು? ಆದರೆ ಕಾಗದದ ಲೆಕ್ಕ ಬೇರೆ, ವರ್ಷಾಂತ್ಯದಲ್ಲಿ ಕೈಯಲ್ಲಿ ಉಳಿಯುವ ಲೆಕ್ಕ ಬೇರೆ. ನಮ್ಮ ಮಿತ್ರರ ಮುಂದೆಯೇ ಕುಳಿತು ಒಂದು ಅಂದಾಜು ಮಾಡಿದೆವು.

ಮೊದಲು ಅಸಲಿನ ಮಾತು. ಕರ್ನಾಟಕದಲ್ಲಿ ಈ ಬೆಲೆಯ ಆಸ್ತಿಗೆ ಮುದ್ರಾಂಕ ಶುಲ್ಕ ಶೇಕಡ 5, ಅದರ ಮೇಲಿನ ಉಪಕರಗಳು ಸೇರಿ 5.6; ನೋಂದಣಿಯ ಶುಲ್ಕವನ್ನು 2025ರ ಆಗಸ್ಟ್ ಕೊನೆಯಲ್ಲಿ ಶೇಕಡ ಒಂದರಿಂದ ಎರಡಕ್ಕೆ ಏರಿಸಿದರು. ಹೀಗೆ ಸರ್ಕಾರಕ್ಕೆ ಸಲ್ಲುವುದೇ 4,56,000. ವಕೀಲರು, ಎಂಜಿನಿಯರು, ದಳ್ಳಾಳಿ, ಈ ಮೂವರಿಗೆ 1,04,000 ಇಡೋಣ. ಮಾರುವವನು ಕಳೆದ ಹತ್ತು ವರ್ಷದಿಂದ ಕೈಹಾಕದೆ ಬಿಟ್ಟ ಸೋರುವ ತಾರಸಿ, ಹಳೆಯ ತಂತಿ, ಕಟ್ಟಿಕೊಂಡ ಕೊಳವೆ ಇವುಗಳ ದುರಸ್ತಿಗೆ 4,40,000 ಎಂದರೆ ಹೆಚ್ಚಲ್ಲ. ಅರವತ್ತು ಲಕ್ಷದ ಮನೆ ಎಪ್ಪತ್ತು ಲಕ್ಷವಾಯಿತು.

ಇನ್ನು ಆದಾಯ. ಒಂದು ಮನೆಯಿಂದ ಒಬ್ಬರು ಹೊರಟು ಮತ್ತೊಬ್ಬರು ಬರುವ ನಡುವೆ ಸುಣ್ಣಬಣ್ಣಕ್ಕಾಗಿ ತಿಂಗಳೊಂದು ಹೋಗುತ್ತದೆ. ವರ್ಷಕ್ಕೆ ಹನ್ನೆರಡರಲ್ಲಿ ಒಂದು ಪಾಲೆಂದರೆ 39,000. ವಸೂಲಾಗದ ಬಾಡಿಗೆ 20,000. ಆಸ್ತಿ ತೆರಿಗೆ 15,000. ನೀರು, ಮೆಟ್ಟಿಲಿನ ದೀಪ, ಮಲದ ಗುಂಡಿಯನ್ನು ತೆಗೆಸುವುದು, ಇವಕ್ಕೆ 36,000. ವಾರ್ಷಿಕ ದುರಸ್ತಿ 60,000. ಹೊಸ ಬಾಡಿಗೆದಾರರನ್ನು ತಂದುಕೊಟ್ಟವರಿಗೆ 13,000. ವಿಮೆ 5,000. ಒಟ್ಟು 1,88,000. ಉಳಿದದ್ದು 2,80,000. ಎಪ್ಪತ್ತು ಲಕ್ಷದ ಮೇಲೆ ಸರಿಯಾಗಿ ಶೇಕಡ ನಾಲ್ಕು! ಅಂಕಿಗಳು ನಮ್ಮ ಅಂದಾಜಿನವು. ಒಂದೊಂದನ್ನು ಹಿಂದುಮುಂದು ಮಾಡಬಹುದು. ಆದರೆ ಶೇಕಡ ಎಂಟನ್ನು ನಂಬಿ ಹೊರಟವನು ನಾಲ್ಕು ಐದರ ನಡುವೆ ಬಂದು ನಿಲ್ಲುವನೆಂಬುದನ್ನು ಮನೆಗಳನ್ನು ಸ್ವತಃ ನಡೆಸಿದವರು ಯಾರೂ ಅಲ್ಲವೆನ್ನಲಾರರು.

ಇದಕ್ಕೆ ಎದುರಾಗಿ ಅಂಚೆ ಕಛೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯನ್ನು ಇಟ್ಟು ನೋಡಿ. 2023ರಲ್ಲಿ ಅದರ ಮಿತಿಯನ್ನು ಹದಿನೈದು ಲಕ್ಷದಿಂದ ಮೂವತ್ತು ಲಕ್ಷಕ್ಕೂ, ಬಡ್ಡಿಯನ್ನು ಶೇಕಡ 8.2ಕ್ಕೂ ಏರಿಸಿದರು. ಆ ದರದಲ್ಲಿ ಮೂವತ್ತು ಲಕ್ಷಕ್ಕೆ ವರ್ಷಕ್ಕೆ 2,46,000 ರೂಪಾಯಿ, ಮೂರು ತಿಂಗಳಿಗೊಮ್ಮೆ ತಾನಾಗಿ ಬರುತ್ತದೆ. ಎಪ್ಪತ್ತು ಲಕ್ಷದ ವಠಾರವು ಬೆವರು ಸುರಿಸಿ ತರುವ ಹಣಕ್ಕೂ, ಮೂವತ್ತು ಲಕ್ಷದ ಠೇವಣಿಯು ಕುಳಿತಲ್ಲಿಗೇ ತರುವ ಹಣಕ್ಕೂ ಇರುವ ಅಂತರ 34,000 ಮಾತ್ರ! ನಮ್ಮ ಮಿತ್ರರು ಇದನ್ನು ಕಂಡು ಕನ್ನಡಕವನ್ನು ತೆಗೆದು ಒರೆಸಿಕೊಂಡರು.

ಆದರೆ ನ್ಯಾಯವಾಗಿ ಮಾತನಾಡಬೇಕಾದರೆ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಕೂಡದು. ಠೇವಣಿಯ ಬಡ್ಡಿ ಐದು ವರ್ಷವೂ ಅಷ್ಟೇ; ಅವಧಿ ಮುಗಿದ ಮೇಲೆ ಅದೇ ದರ ಸಿಕ್ಕುವುದೆಂಬ ಭರವಸೆಯಿಲ್ಲ. ಅಸಲು ಬೆಳೆಯುವುದಿಲ್ಲ, ಅಕ್ಕಿಯ ಬೆಲೆ ಮಾತ್ರ ಬೆಳೆಯುತ್ತದೆ. ಬಾಡಿಗೆಯಾದರೋ ವರ್ಷಕ್ಕೆ ಶೇಕಡ ಐದರಂತೆ ಏರುತ್ತ ಹೋದರೆ 4,68,000 ಎಂಬುದು ಹತ್ತು ವರ್ಷದಲ್ಲಿ 7,62,000ದ ಹತ್ತಿರ ಹೋಗುತ್ತದೆ. ನಿವೇಶನದ ಬೆಲೆಯೂ ಏರಬಹುದು. ಕಟ್ಟಡ ಸವೆಯುತ್ತದೆ, ನೆಲ ಸವೆಯುವುದಿಲ್ಲ. ಆದಾಯ ತೆರಿಗೆಯಲ್ಲಿಯೂ ಒಂದು ಸೌಕರ್ಯವುಂಟು: ಪುರಸಭೆಗೆ ಕಟ್ಟಿದ ತೆರಿಗೆಯನ್ನು ಕಳೆದು ಉಳಿದ ಬಾಡಿಗೆಯಲ್ಲಿ ಶೇಕಡ 30ನ್ನು, ದುರಸ್ತಿಗೆ ಖರ್ಚು ಮಾಡಿರಲಿ ಬಿಡಲಿ, ಬಿಟ್ಟುಕೊಡುತ್ತಾರೆ. ಬಡ್ಡಿಗೆ ಅಂತಹ ವಿನಾಯಿತಿಯಿಲ್ಲ. ಆದುದರಿಂದ ಐವತ್ತರ ಒಳಗಿನವನು, ಇಪ್ಪತ್ತು ವರ್ಷ ಕಾಯಬಲ್ಲವನು ವಠಾರವನ್ನು ಕೊಳ್ಳುವುದಕ್ಕೂ, ಅರವತ್ತೆರಡರ ವೃದ್ಧನು ಇಡೀ ಗಂಟನ್ನು ಅದರಲ್ಲಿ ಹೂಳುವುದಕ್ಕೂ ಬಹಳ ವ್ಯತ್ಯಾಸವಿದೆ. ಆಸ್ಪತ್ರೆಯ ಖರ್ಚು ಬಂದ ದಿನ ವಠಾರದ ಒಂದು ಗೋಡೆಯನ್ನು ಮಾರಲಾಗುವುದಿಲ್ಲ.

ಲೆಕ್ಕದ ವಿಚಾರ ಇಷ್ಟು. ಇದಕ್ಕಿಂತ ಮಿಗಿಲಾದ ಪ್ರಶ್ನೆ ಬೇರೊಂದಿದೆ: ಅದು ಸೋವಿಯಾಗಿ ಏಕೆ ಸಿಕ್ಕುತ್ತಿದೆ? ಮಾರುವವನು ನಮ್ಮ ಮೇಲಿನ ಪ್ರೀತಿಯಿಂದ ಬೆಲೆಯನ್ನು ಇಳಿಸಿರಲಾರನು. ಬೆಲೆ ಇಳಿದಲ್ಲೆಲ್ಲ ಅದನ್ನು ಇಳಿಸಿದ ಕಾರಣವೊಂದು ಇದ್ದೇ ಇರುತ್ತದೆ. ಆ ಕಾರಣವನ್ನು ಕ್ರಯಪತ್ರಕ್ಕೆ ರುಜು ಹಾಕುವ ಮೊದಲು ತಿಳಿಯುವವನೇ ಜಾಣ.

ಅನೇಕ ವೇಳೆ ಕಾರಣ ದಸ್ತಾವೇಜಿನಲ್ಲಿಯೇ ಇರುತ್ತದೆ. ಖಾತೆಯಿದೆಯೆಂದರೆ ಹಕ್ಕಿದೆಯೆಂದು ನಮ್ಮವರು ಭಾವಿಸುತ್ತಾರೆ. ಖಾತೆಯೆಂಬುದು ತೆರಿಗೆ ಕಟ್ಟುವವರು ಯಾರೆಂಬುದರ ದಾಖಲೆಯೇ ಹೊರತು ಹಕ್ಕುಪತ್ರವಲ್ಲ. ವ್ಯವಸಾಯದ ಜಮೀನನ್ನು ಪರಿವರ್ತನೆ ಮಾಡಿಸದೆ ತುಂಡುತುಂಡಾಗಿ ಮಾರಿದ ರೆವಿನ್ಯೂ ನಿವೇಶನಗಳ ಮೇಲೆ, ನಕ್ಷೆಯ ಮಂಜೂರಾತಿಯಿಲ್ಲದೆ ಎದ್ದ ಕಟ್ಟಡಗಳಿಗೂ 'ಬಿ' ಖಾತೆಯೆಂಬ ಕಾಗದ ಸಿಕ್ಕಿತು. ಅದನ್ನು ನಂಬಿದವರು ಸಾವಿರಾರು ಮಂದಿ. ಅಧಿಕಾರಪತ್ರ, ಎಂದರೆ ಜನರಲ್ ಪವರ್ ಆಫ್ ಅಟಾರ್ನಿಯನ್ನು ಬರೆಯಿಸಿಕೊಂಡು ಮನೆಯೇ ತಮ್ಮದಾಯಿತೆಂದು ಕುಳಿತವರೂ ಉಂಟು. ಅಂತಹ ಪತ್ರದಿಂದ ಸ್ಥಿರಾಸ್ತಿಯ ಹಕ್ಕು ವರ್ಗವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸೂರಜ್ ಲ್ಯಾಂಪ್ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು. ಪಿತ್ರಾರ್ಜಿತವಾದ ಹಳೆಯ ವಠಾರವಾದರೆ ಇನ್ನೊಂದು ತೊಡಕು. ಕರ್ನಾಟಕದಲ್ಲಿ 1994ರಿಂದಲೂ, ದೇಶಕ್ಕೆಲ್ಲ 2005ರ ತಿದ್ದುಪಡಿಯಿಂದಲೂ ಹೆಣ್ಣುಮಕ್ಕಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಸಮನಾದ ಪಾಲಿದೆ. 2020ರ ತೀರ್ಪು ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಇನ್ನಷ್ಟು ದೃಢಪಡಿಸಿತು. ಅಣ್ಣತಮ್ಮಂದಿರು ಮಾತ್ರ ರುಜು ಹಾಕಿದ ಪತ್ರವನ್ನು ಹಿಡಿದವನು, ಮದುವೆಯಾಗಿ ದೂರದ ಊರಿಗೆ ಹೋದ ಅಕ್ಕನ ವಕೀಲರ ನೋಟೀಸಿಗೆ ಸಿದ್ಧನಾಗಿರಬೇಕು.

ಇವೆಲ್ಲ ವಕೀಲರು ಕಂಡುಹಿಡಿಯಬಲ್ಲ ದೋಷಗಳು. ವಕೀಲರ ಕಣ್ಣಿಗೂ ಕಾಣದ, ವಠಾರಗಳಿಗೇ ವಿಶೇಷವಾದ ಅಪಾಯ ಮತ್ತೊಂದುಂಟು. ಅದು ಮನೆಯೊಳಗೆ ವಾಸಮಾಡುತ್ತಿರುವವರ ಹಕ್ಕು. ಋಣಭಾರ ಪ್ರಮಾಣಪತ್ರವನ್ನು ತರಿಸಿ ಮೂವತ್ತು ವರ್ಷಗಳ ವ್ಯವಹಾರವನ್ನು ನೋಡಿದೆವು, ಶುದ್ಧವಾಗಿದೆ ಎಂದು ನಿಶ್ಚಿಂತರಾಗುವವರು ಒಂದನ್ನು ಮರೆಯುತ್ತಾರೆ: ನೋಂದಣಿಯಾದ ವ್ಯವಹಾರಗಳು ಮಾತ್ರ ಆ ಪತ್ರದಲ್ಲಿ ಕಾಣುತ್ತವೆ. ನಮ್ಮಲ್ಲಿ ಬಾಡಿಗೆಗೆ ಬದಲಾಗಿ ಭೋಗ್ಯಕ್ಕೆ ಹಾಕುವ ಪದ್ಧತಿ ಬಹಳ ಹಿಂದಿನದು. ಬಾಡಿಗೆದಾರನು ನಾಲ್ಕೋ ಐದೋ ಲಕ್ಷವನ್ನು ಒಟ್ಟಿಗೆ ಕೊಡುತ್ತಾನೆ, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ವಾಸಮಾಡುತ್ತಾನೆ, ಹೊರಡುವಾಗ ಅಷ್ಟನ್ನೂ ಹಿಂದಕ್ಕೆ ಪಡೆಯುತ್ತಾನೆ. ಇದು ಬಹುವಾಗಿ ನಡೆಯುವುದು ಒಂದು ಛಾಪಾ ಕಾಗದದ ಮೇಲೆ, ಸಬ್ ರಿಜಿಸ್ಟ್ರಾರರ ಕಣ್ಣಿಗೆ ಬೀಳದೆ. ಮಾರುವವನು ಆರು ಮನೆಗಳಲ್ಲಿ ಮೂರನ್ನು ಭೋಗ್ಯಕ್ಕೆ ಹಾಕಿ ಹಣವನ್ನು ಮುಗಿಸಿ, ಆರಕ್ಕೂ ಬಾಡಿಗೆ ಬರುತ್ತಿದೆಯೆಂದು ಪಟ್ಟಿ ಬರೆದುಕೊಟ್ಟರೆ ಕೊಳ್ಳುವವನ ಗತಿಯೇನು? 'ನನಗೆ ತಿಳಿಯದು' ಎಂದು ಅವನು ನ್ಯಾಯಾಲಯದಲ್ಲಿ ಹೇಳುವಂತಿಲ್ಲ. 1882ರ ಸ್ವತ್ತು ವರ್ಗಾವಣೆಯ ಕಾಯಿದೆಯ ಮೂರನೆಯ ಪ್ರಕರಣದ ವಿವರಣೆಯ ಪ್ರಕಾರ, ಸ್ವತ್ತಿನಲ್ಲಿ ವಾಸ್ತವವಾಗಿ ಸ್ವಾಧೀನದಲ್ಲಿರುವವನಿಗೆ ಏನು ಹಕ್ಕಿದೆಯೋ ಅದು ಕೊಳ್ಳುವವನಿಗೆ ತಿಳಿದಿತ್ತೆಂದೇ ಕಾನೂನು ಭಾವಿಸುತ್ತದೆ. ಬಾಗಿಲು ತಟ್ಟಿ ಕೇಳದೆ ಹೋದದ್ದು ಅವನ ತಪ್ಪು.

ಮುಂಗಡದ ಹಣದ ವಿಚಾರವೂ ಇಂತಹುದೇ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸಾಗಿ ಪಡೆಯುವ ವಾಡಿಕೆ ಬಹುಕಾಲದಿಂದ ಬೆಳೆದುಬಂದಿದೆ. ಕೇಂದ್ರ ಮಂತ್ರಿಮಂಡಲವು 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಕೂಡದೆಂದು ಹೇಳಿದರೂ, ವಾಡಿಕೆಯ ಹಿಡಿತ ಸಡಿಲವಾದದ್ದು ಸ್ವಲ್ಪವೇ. ಆರು ಮನೆಗಳಿಗೆ 65,000ದಂತೆ 3,90,000 ಮಾರುವವನ ಕೈಸೇರಿದೆ. ಕ್ರಯವಾದ ಮರುವರ್ಷ ಬಾಡಿಗೆದಾರನು ಮನೆ ಬಿಡುವಾಗ ಹಣ ಕೇಳುವುದು ಹೊಸ ಯಜಮಾನನನ್ನು. ಆದಕಾರಣ ಇದು ಬೆಲೆಯಲ್ಲಿ ವಜಾ ಆಗಬೇಕು; ಆಗದಿದ್ದರೆ ಅರವತ್ತು ಲಕ್ಷದ ಮನೆಗೆ 63,90,000 ಕೊಟ್ಟಂತೆಯೇ. ಹಳೆಯ ಸಬ್ ಜಡ್ಜಿಯವರೊಬ್ಬರು ನಮಗೆ ಹೇಳುತ್ತಿದ್ದರು, ಮನೆ ಕೊಳ್ಳುವವರು ಗೋಡೆಯನ್ನು ತಟ್ಟಿ ನೋಡುವಷ್ಟು ಕಾಲವನ್ನು ಒಳಗಿರುವವರೊಡನೆ ಮಾತನಾಡುವುದರಲ್ಲಿ ಕಳೆದಿದ್ದರೆ ತಮ್ಮ ನ್ಯಾಯಾಲಯದಲ್ಲಿ ಅರ್ಧ ಕೆಲಸ ಇರುತ್ತಿರಲಿಲ್ಲವೆಂದು.

ಇನ್ನು ಬಾಡಿಗೆಯ ಕಾನೂನು. ಬಡ ಬಾಡಿಗೆದಾರನನ್ನು ಕಾಪಾಡಬೇಕಾದದ್ದು ಸರ್ಕಾರದ ಧರ್ಮ. ಅದನ್ನು ಅತಿಯಾಗಿ ಮಾಡಿದಾಗ ಏನಾಯಿತೆಂಬುದಕ್ಕೆ ಮುಂಬಯಿಯೇ ಸಾಕ್ಷಿ. 1947ರ ಮುಂಬಯಿ ಬಾಡಿಗೆ ಕಾಯಿದೆಯು (ಅಂದು ಹುಬ್ಬಳ್ಳಿ ಧಾರವಾಡಗಳೂ ಮುಂಬಯಿ ಪ್ರಾಂತದಲ್ಲಿಯೇ ಇದ್ದವು) 1940ರ ಸೆಪ್ಟೆಂಬರ್ ಒಂದನೆಯ ತಾರೀಖಿನ ಬಾಡಿಗೆಯನ್ನು ಮಟ್ಟವಾಗಿ ಹಿಡಿಯಿತು. ಯುದ್ಧದ ಕಾಲದ ಅಭಾವಕ್ಕಾಗಿ ಮಾಡಿದ ಏರ್ಪಾಡು ಅರ್ಧ ಶತಮಾನ ಉಳಿಯಿತು. ನಮ್ಮ ಕರಾವಳಿಯಿಂದ ಹೋದ ಹೋಟೆಲು ಕೆಲಸಗಾರರೂ ಗುಮಾಸ್ತರೂ ವಾಸಮಾಡಿದ ಚಾಳುಗಳಲ್ಲಿ ಬಾಡಿಗೆ ಹತ್ತಿಪ್ಪತ್ತು ರೂಪಾಯಿಗಳಲ್ಲಿಯೇ ನಿಂತಿತು. ಯಜಮಾನನು ಒಂದು ಇಟ್ಟಿಗೆಯನ್ನೂ ಇಡದಾದನು. ಕಟ್ಟಡಗಳು ಬೀಳತೊಡಗಿದ ಮೇಲೆ 1969ರಲ್ಲಿ ಸರ್ಕಾರವೇ ದುರಸ್ತಿಗಾಗಿ ಕರವನ್ನು ವಿಧಿಸಿ ಒಂದು ಮಂಡಲಿಯನ್ನು ಸ್ಥಾಪಿಸಬೇಕಾಯಿತು. ಕೊನೆಗೆ 1997ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ನಿಯಮಗಳು ನ್ಯಾಯಯುತವಾಗಿ ಉಳಿದಿಲ್ಲವೆಂದು ಹೇಳಿತು. 2000ದಲ್ಲಿ ಜಾರಿಗೆ ಬಂದ ಮಹಾರಾಷ್ಟ್ರದ ಹೊಸ ಕಾಯಿದೆ ವರ್ಷಕ್ಕೆ ಶೇಕಡ ನಾಲ್ಕರ ಏರಿಕೆಯನ್ನು ಒಪ್ಪಿತು. ಇದರಲ್ಲಿ ಗೆದ್ದವರಾರು? ಬಾಡಿಗೆದಾರನಿಗೆ ಸೋರುವ ಸೂರು, ಯಜಮಾನನಿಗೆ ಹೆಸರಿಗೊಂದು ಆಸ್ತಿ.

ನಮ್ಮಲ್ಲಿ 1961ರ ಕಾಯಿದೆ ಹೋಗಿ, 2001ರ ಕೊನೆಯಲ್ಲಿ ಕರ್ನಾಟಕ ಬಾಡಿಗೆ ಕಾಯಿದೆ, 1999 ಜಾರಿಗೆ ಬಂತು. ಅದರಲ್ಲೊಂದು ವಿಶೇಷವಿದೆ. ಅನುಸೂಚಿಯ ಮೊದಲನೆಯ ಭಾಗದಲ್ಲಿ ಸೇರಿದ ಪ್ರದೇಶಗಳಲ್ಲಿ ತಿಂಗಳಿಗೆ 3,500 ರೂಪಾಯಿಗಳನ್ನೂ, ಉಳಿದ ಕಡೆ 2,000ವನ್ನೂ ಮೀರಿದ ಬಾಡಿಗೆಯ ಕಟ್ಟಡಗಳಿಗೆ ಅದು ಅನ್ವಯಿಸುವುದಿಲ್ಲ. ಎಂದರೆ ದೊಡ್ಡ ಬಂಗಲೆಯ ಯಜಮಾನನಿಗೆ ಈ ಕಾಯಿದೆಯ ಗೊಡವೆಯಿಲ್ಲ. ಸಣ್ಣ ಊರಿನ ಹಳೆಯ ವಠಾರವನ್ನು, ಹಳೆಯ ಬಾಡಿಗೆದಾರರ ಸಹಿತ ಕೊಳ್ಳುವವನೇ ಅದರ ಕೈಗೆ ಸಿಕ್ಕುತ್ತಾನೆ. ಅಂತಹ ಕಡೆ ಬಾಡಿಗೆದಾರನನ್ನು ಎಬ್ಬಿಸಬೇಕಾದರೆ ಕಾಯಿದೆಯಲ್ಲಿ ಹೇಳಿದ ಕಾರಣಗಳಲ್ಲೊಂದನ್ನು ತೋರಿಸಿಯೇ ತೀರಬೇಕು. ಕಾಯಿದೆಯ ಹೊರಗಿರುವ ಮನೆಗಳಲ್ಲಿ ತಿಂಗಳ ಬಾಡಿಗೆಗೆ ಹದಿನೈದು ದಿನದ ನೋಟೀಸು ಸಾಕು. ಆದರೆ ನೋಟೀಸಿಗೆ ಮಣಿಯದವನ ಮೇಲೆ ದಾವೆ ಹೂಡಿದರೆ ಅದು ಹದಿನೈದು ದಿನದಲ್ಲಿ ಮುಗಿಯುವುದಿಲ್ಲ. ಕೋಪದಿಂದ ಬೀಗ ಜಡಿದು ಸಾಮಾನನ್ನು ಬೀದಿಗೆ ಹಾಕಿಸಿದವನಿಗೆ ಇನ್ನೂ ಕಷ್ಟ. ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನವನ್ನು ಮರಳಿ ಪಡೆಯುವ ಹಕ್ಕನ್ನು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯು ಬಾಡಿಗೆದಾರನಿಗೆ ಕೊಟ್ಟಿದೆ. ಎಲ್ಲರೂ ಹನ್ನೊಂದು ತಿಂಗಳ ಕರಾರನ್ನೇ ಬರೆಯುವುದೇಕೆಂದು ಕೆಲವರು ಕೇಳುತ್ತಾರೆ. ಒಂದು ವರ್ಷವನ್ನು ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕೆಂದು 1908ರ ನೋಂದಣಿ ಕಾಯಿದೆ ವಿಧಿಸುವುದರಿಂದ, ಅದನ್ನು ತಪ್ಪಿಸಲು ಕಂಡುಕೊಂಡ ಉಪಾಯವದು. ಕರಾರು ಹನ್ನೊಂದು ತಿಂಗಳಿಗೆ ಮುಗಿದರೂ ಬಾಡಿಗೆದಾರನು ಹನ್ನೊಂದು ವರ್ಷ ಇದ್ದ ನಿದರ್ಶನಗಳು ನಮ್ಮ ಬೀದಿಯಲ್ಲಿಯೇ ಇವೆ. ಒಳ್ಳೆಯವನಾದರೆ ಇರಲಿ, ಅದು ಯಜಮಾನನ ಪುಣ್ಯ.

ನೀರಿನ ಮಾತನ್ನು ಪ್ರತ್ಯೇಕವಾಗಿಯೇ ಹೇಳಬೇಕು. 2024ರ ಬೇಸಗೆಯಲ್ಲಿ ಬೆಂಗಳೂರಿನ ಹೊರ ಬಡಾವಣೆಗಳಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನವರು ಕೇಳಿದಷ್ಟು ಕೊಡಬೇಕಾಗಿ ಬಂದು, ಜಿಲ್ಲಾಡಳಿತವೇ ದರವನ್ನು ಗೊತ್ತುಮಾಡಬೇಕಾಯಿತು. ಐದು ಕಿಲೋಮೀಟರಿನೊಳಗೆ 12,000 ಲೀಟರಿಗೆ 1,000 ರೂಪಾಯಿ ಎಂದಾಯಿತು. ಆರು ಸಂಸಾರಗಳು, ಇಪ್ಪತ್ತು ಮಂದಿ ಇರುವ ಮನೆಗೆ ಅಷ್ಟು ನೀರು ಒಂದು ವಾರವೂ ಬರುವುದು ಕಷ್ಟ. ಬಾಡಿಗೆದಾರನಿಂದ ಇದನ್ನು ವಸೂಲು ಮಾಡಹೊರಟರೆ ಅವನು ಕಾವೇರಿ ನೀರಿರುವ ಬೀದಿಗೆ ಹೊರಟುಹೋಗುತ್ತಾನೆ. ಮಾಡದಿದ್ದರೆ ನಮ್ಮ ಶೇಕಡ ನಾಲ್ಕು ಎರಡಾಗುತ್ತದೆ. ದೀಪದ ವಿಚಾರದಲ್ಲಿಯೂ ಕಣ್ಣಿಡಬೇಕು. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯು 200 ಯೂನಿಟ್‌ವರೆಗೆ ವಿದ್ಯುತ್ತನ್ನು ಬಾಡಿಗೆದಾರನಿಗೂ ಉಚಿತವಾಗಿ ಕೊಟ್ಟಿತು. ಆದರೆ ಮೀಟರಿಗೆ ಒಂದು ಲೆಕ್ಕ. ಆರು ಮನೆಗೆ ಒಂದೇ ಮೀಟರಿರುವ ವಠಾರದ ಒಕ್ಕಲುಗಳಿಗೆ ಆ ಲಾಭವಿಲ್ಲ. ಪಕ್ಕದ ವಠಾರದಲ್ಲಿ ಬೇರೆ ಬೇರೆ ಮೀಟರಿದ್ದರೆ, ಬುದ್ಧಿವಂತ ಬಾಡಿಗೆದಾರನು ಅಲ್ಲಿಗೇ ಹೋಗುವನು. ಹೊಸ ಸಂಪರ್ಕವನ್ನು ಆಮೇಲೆ ಹಾಕಿಸಿಕೊಳ್ಳೋಣವೆಂದರೆ ಅದೂ ಸುಲಭವಲ್ಲ; ಕಟ್ಟಡದ ಸ್ವಾಧೀನಾನುಭವ ಪತ್ರವನ್ನು ಕಂಡ ಮೇಲೆಯೇ ನೀರು, ವಿದ್ಯುತ್ತಿನ ಸಂಪರ್ಕ ಕೊಡತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರಿನಲ್ಲಿ ಆಜ್ಞೆ ಮಾಡಿತು. ನಕ್ಷೆಯನ್ನು ಮೀರಿ ಮೂರನೆಯ ಅಂತಸ್ತನ್ನು ಎಬ್ಬಿಸಿದ ಮನೆಗೆ ಆ ಪತ್ರ ಎಲ್ಲಿಂದ ಬರಬೇಕು?

ಸಾಲ ಮಾಡಿ ಕೊಳ್ಳುವವರಿಗೆ ಎರಡೇ ಮಾತು. ನಲವತ್ತು ಲಕ್ಷವನ್ನು ಶೇಕಡ ಎಂಟೂವರೆಯಂತೆ ಇಪ್ಪತ್ತು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 34,700. ನಮ್ಮ ವಠಾರದ ನಿವ್ವಳ ಆದಾಯ ತಿಂಗಳಿಗೆ 23,300.

ಬಾಡಿಗೆದಾರರ ಪಕ್ಷದಿಂದ ಒಂದು ಮಾತನ್ನು ಹೇಳದಿದ್ದರೆ ನಾವು ಅಪಚಾರ ಮಾಡಿದಂತಾದೀತು. 2020ರ ಮಾರ್ಚಿಯಲ್ಲಿ ಊರಿಗೆ ಊರೇ ಮುಚ್ಚಿದಾಗ ದಿನಗೂಲಿಯವರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ನಡೆದುಹೋದರು. ಕೂಲಿಕಾರರಿಂದ ಒಂದು ತಿಂಗಳು ಬಾಡಿಗೆ ಕೇಳಕೂಡದೆಂದು ಕೇಂದ್ರ ಗೃಹಮಂತ್ರಿ ಶಾಖೆ ಆ ತಿಂಗಳ 29ರಂದು ಆಜ್ಞೆ ಹೊರಡಿಸಿತು. ಆಗ ಬಾಡಿಗೆಯನ್ನು ಬಿಟ್ಟು, ಅಕ್ಕಿಬೇಳೆಯನ್ನೂ ಕೊಟ್ಟ ಯಜಮಾನರುಂಟು. ಬೀಗ ಹಾಕಿದವರೂ ಉಂಟು. ಮರುವರ್ಷ ಜನ ಹಿಂದಿರುಗಿದಾಗ ಯಾರ ವಠಾರ ಮೊದಲು ತುಂಬಿತೆಂಬುದನ್ನು ವಾಚಕರೇ ಊಹಿಸಬಹುದು. ಸೋವಿಯ ಮನೆಯ ಬಾಡಿಗೆಯು ಬಡವನ ಸಂಬಳದ ಒಂದು ತುಂಡು. ಕಾರ್ಖಾನೆ ಮುಚ್ಚಿದರೆ, ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ, ಮೊದಲು ನಿಲ್ಲುವುದು ಅದೇ. ಈ ವ್ಯವಹಾರಕ್ಕಿಳಿಯುವವನು ವರ್ಷಕ್ಕೆ ಒಂದೆರಡು ಬಾರಿ ಇಂತಹ ಬಾಗಿಲ ಮುಂದೆ ನಿಂತು ಏನು ಹೇಳಬೇಕೆಂಬುದನ್ನು ಮೊದಲೇ ತನ್ನ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿರಬೇಕು. ದಾಕ್ಷಿಣ್ಯದಿಂದ ಎಲ್ಲವನ್ನೂ ಬಿಡುವವನಿಗೂ ಇದು ಸಲ್ಲದು, ವಿಧವೆಯ ಪಾತ್ರೆಯನ್ನು ಹೊರಗಿಡಬಲ್ಲವನಿಗೆ ಇದು ಸಲ್ಲುವುದಾದರೆ ಅಂತಹವನಿಗೆ ನಾವು ಬುದ್ಧಿ ಹೇಳುವ ಶ್ರಮವನ್ನು ವಹಿಸುವುದಿಲ್ಲ.

ಬೇರೆ ಊರಿನಲ್ಲಿ, ಅಥವಾ ಹೊರದೇಶದಲ್ಲಿ ಕುಳಿತು ವಠಾರವನ್ನು ಕೊಳ್ಳುವುದು ನಮ್ಮ ಅಭಿಪ್ರಾಯದಲ್ಲಿ ಶುದ್ಧ ಅವಿವೇಕ. ವಾರಕ್ಕೊಮ್ಮೆಯಾದರೂ ನಡೆದುಹೋಗಿ, ತೊಟ್ಟಿಯೊಳಗೆ ಇಣಿಕಿ ನೋಡಿ, ಬಾಡಿಗೆಯನ್ನು ಕೈಯಾರೆ ಪಡೆದು ರಸೀತಿ ಕೊಡಬಲ್ಲವನಿಗೆ, ತನ್ನ ಗಂಟಿನ ಮೂರರಲ್ಲಿ ಒಂದು ಪಾಲನ್ನು ಮಾತ್ರ ಇದಕ್ಕಿಡುವವನಿಗೆ, ಸಾಲವಿಲ್ಲದವನಿಗೆ, ಇದು ಕೆಟ್ಟ ಆಸ್ತಿಯಲ್ಲ. ನಮ್ಮ ಮಿತ್ರರು ನಡೆಯಬಲ್ಲರು, ಸಾಲವೂ ಇಲ್ಲ. ಗಂಟು ಮಾತ್ರ ಒಂದೇ.

ನಾವು ಅವರಿಗೆ ಹೇಳಿದ್ದು ಇಷ್ಟೆ: ದಳ್ಳಾಳಿಯನ್ನು ಬಿಟ್ಟು, ಬೆಳಗಿನ ಆರು ಗಂಟೆಗೆ, ಕೊಳಾಯಿಯಲ್ಲಿ ನೀರು ಬರುವ ಹೊತ್ತಿಗೆ, ತಾವೊಬ್ಬರೇ ಹೋಗಿ ಬನ್ನಿ. ಅವರು ಹೋದರು. ಕೆಳಗಿನ ಮನೆಯ ಹೆಂಗಸೊಬ್ಬರು ಕೊಡವನ್ನು ತುಂಬಿಸುತ್ತ, "ನೀವೂ ಮನೆ ನೋಡಲು ಬಂದವರಾ ಸ್ವಾಮಿ? ತಿಂಗಳಲ್ಲಿ ನೀವು ನಾಲ್ಕನೆಯವರು" ಎಂದರಂತೆ. ಅರ್ಧ ಗಂಟೆಯಲ್ಲಿ ತಿಳಿದದ್ದು ಇದು: ಮೇಲಿನ ಮೂಲೆಯ ಮನೆಯವರು ಬಾಡಿಗೆ ಕೊಡುತ್ತಿಲ್ಲ, ನಾಲ್ಕು ಲಕ್ಷಕ್ಕೆ ಭೋಗ್ಯದಲ್ಲಿದ್ದಾರೆ, ಉಳಿದ ಐವರ ಅಡ್ವಾನ್ಸು 3,25,000 ಯಜಮಾನನ ಬಳಿಯಿದೆ, ಯಜಮಾನನಿಗೆ ಇಬ್ಬರು ತಂಗಿಯರಿದ್ದು, ನಿವೇಶನವು ತಂದೆಯ ಕಾಲದ್ದು.

ಮರುದಿನ ನಮ್ಮ ಮಿತ್ರರು ಅರವತ್ತು ಲಕ್ಷದಲ್ಲಿ 7,25,000ವನ್ನು ವಜಾ ಮಾಡಿ 52,75,000ಕ್ಕೆ ಕೇಳಿ, ಇಬ್ಬರು ತಂಗಿಯರೂ ಕ್ರಯಪತ್ರಕ್ಕೆ ರುಜು ಹಾಕಬೇಕೆಂದೂ, ಮಂಜೂರಾದ ನಕ್ಷೆಯ ನಕಲು ಕೊಡಬೇಕೆಂದೂ ಬರೆದು ಕಳುಹಿಸಿದರು. ಮೂರು ವಾರವಾಯಿತು, ಮಾರುವವನಿಂದ ಉತ್ತರ ಬಂದಿಲ್ಲ. ದಳ್ಳಾಳಿ ಮಾತ್ರ ನಿತ್ಯವೂ ದೂರವಾಣಿ ಮಾಡಿ, ಇನ್ನೊಬ್ಬರು ಮುಂಗಡದೊಡನೆ ಸಿದ್ಧರಾಗಿ ನಿಂತಿದ್ದಾರೆಂದು ಹೇಳುತ್ತಿದ್ದಾನಂತೆ.